ಬಾದಾಮಿಯ ಬಂಡೆಗಳಿಗಾಗಿ ಒಂದು ದಿನ: ತಂಡದೊಂದಿಗೆ ಹೋಗುವವರು ತಿಳಿದಿರಬೇಕಾದದ್ದು

ಬಾದಾಮಿಯ ಕಡೆಗೆ ಹೊರಡುವ ಒಂದು ದಿನದ ಗುಂಪು ಪ್ರವಾಸಗಳಲ್ಲಿ ಹೆಚ್ಚಿನವು ಒಂದೇ ಅಚ್ಚಿನವು. ಬೆಳಿಗ್ಗೆ ಗುಹೆಗಳು, ಅಲ್ಲಿಂದ ಬನಶಂಕರಿ, ಮಹಾಕೂಟ, ಮಧ್ಯಾಹ್ನ ಪಟ್ಟದಕಲ್ಲು, ಸಂಜೆ ಐಹೊಳೆ, ಸಮಯ ಉಳಿದರೆ ಕೂಡಲಸಂಗಮ. ದೇವಾಲಯಗಳನ್ನು ಮೊದಲ ಸಲ ನೋಡುವವರಿಗೆ ಈ ಏರ್ಪಾಟು ಉಪಯುಕ್ತವಾದದ್ದೇ. ಅದನ್ನು ನಾನು ಹಳಿಯುವುದಿಲ್ಲ. ಆದರೆ ಈ ದೇವಾಲಯಗಳಿಗೆ ಕಲ್ಲನ್ನೂ ಬಣ್ಣವನ್ನೂ ಕೊಟ್ಟ ಗುಡ್ಡಗಳನ್ನೇ ನೋಡಬೇಕೆಂದು ಮನಸ್ಸು ಮಾಡಿದವರಿಗೆ ಅದು ಸಾಲದು. ಬಂಡೆಯನ್ನು ನೋಡಲು ನಡೆಯಬೇಕು, ನಿಲ್ಲಬೇಕು, ಬಿಸಿಲು ಯಾವ ಕಡೆಯಿಂದ ಬೀಳುತ್ತಿದೆ ಎಂಬುದನ್ನು ಗಮನಿಸಬೇಕು. ಆದ್ದರಿಂದ ಪ್ರವಾಸವನ್ನು ಗೊತ್ತುಮಾಡುವ ಮೊದಲು ಆಯೋಜಕರನ್ನು ಕೇಳಬೇಕಾದ ಮೊದಲ ಪ್ರಶ್ನೆ, ಎಷ್ಟು ಸ್ಥಳಗಳನ್ನು ತೋರಿಸುತ್ತೀರಿ ಎಂಬುದಲ್ಲ, ಒಂದೊಂದು ಸ್ಥಳದಲ್ಲಿ ಎಷ್ಟು ಹೊತ್ತು ನಿಲ್ಲಿಸುತ್ತೀರಿ ಎಂಬುದು.

ಈ ಮಾತನ್ನು ನಾನು ಅನುಭವದಿಂದಲೇ ಹೇಳುತ್ತಿದ್ದೇನೆ. ಹಲವು ವರ್ಷಗಳ ಹಿಂದೆ ನಾನು ಸೇರಿಕೊಂಡಿದ್ದ ಒಂದು ತಂಡದ ಪಟ್ಟಿಯಲ್ಲಿ ಏಳು ಸ್ಥಳಗಳಿದ್ದವು. ಬಾದಾಮಿಯ ಕೆರೆಯಾದ ಅಗಸ್ತ್ಯತೀರ್ಥದ ದಂಡೆಗೆ ನಾವು ಮುಟ್ಟಿದಾಗ ನೆತ್ತಿಯ ಮೇಲೆ ಬಿಸಿಲಿತ್ತು, ಬಂಡೆಗಳೆಲ್ಲ ಬಿಳಿಚಿಕೊಂಡಿದ್ದವು, ಮತ್ತು ಇಪ್ಪತ್ತು ನಿಮಿಷಗಳಲ್ಲಿ ಬಸ್ಸು ಹತ್ತಬೇಕೆಂದು ಕೂಗಿ ಕರೆದರು. ನಮ್ಮೊಂದಿಗೆ ಬಂದಿದ್ದ ವಯಸ್ಸಾದ ತಾಯಿಯೊಬ್ಬರು ಗುಡ್ಡವನ್ನು ಕೆಳಗಿನಿಂದಲೇ ನೋಡಿ ಕೈಮುಗಿದು ವಾಹನಕ್ಕೆ ಮರಳಿದರು. ಅವರಿಗೆ ಅಂದು ಸಿಗಬೇಕಾಗಿದ್ದದ್ದು ಇನ್ನೊಂದು ಗಂಟೆಯ ಬಿಡುವು ಮಾತ್ರ.

ತಂಡ ಹನ್ನೆರಡರಿಂದ ಹದಿನೈದು ಜನರದ್ದಾಗಿದ್ದರೆ ಉತ್ತಮ. ಉತ್ತರ ಕೋಟೆಯ ಇಕ್ಕಟ್ಟಾದ ಸೀಳುದಾರಿಗಳಲ್ಲಿ ನಲವತ್ತು ಜನರ ಗುಂಪು ನಿಂತರೆ ಮುಂದಿನವರಿಗೆ ಮಾತ್ರ ಮಾರ್ಗದರ್ಶಿಯ ಮಾತು ಕೇಳಿಸುತ್ತದೆ. ಒಂದು ಕ್ರೂಸರ್ ಜೀಪು ಅಥವಾ ಒಂದು ಟೆಂಪೊ ಟ್ರಾವೆಲರಿನಲ್ಲಿ ಹಿಡಿಯುವಷ್ಟೇ ಜನರಿದ್ದರೆ ಖರ್ಚು ತಲೆಗೆ ಸ್ವಲ್ಪ ಹೆಚ್ಚಾದರೂ ದಿನವು ನಿಮ್ಮ ಕೈಯಲ್ಲಿರುತ್ತದೆ. ಮಾರ್ಗದರ್ಶಿಯು ಪ್ರವಾಸೋದ್ಯಮ ಇಲಾಖೆಯ ಗುರುತಿನ ಚೀಟಿ ಇದ್ದವರೇ ಎಂಬುದನ್ನು ನೋಡಿಕೊಳ್ಳಿ; ಅದಕ್ಕಿಂತ ಮುಖ್ಯವಾಗಿ, ಊರಾಚೆಯ ಕಾಡಿನಲ್ಲಿರುವ ನೈಸರ್ಗಿಕ ಬಂಡೆಯಾಸರೆ ಶಿಡ್ಲಪಡಿಯ ದಾರಿಯನ್ನು ಬಲ್ಲವರೇ ಎಂದು ಕೇಳಿ. ಗುಹೆಗಳ ಮೂರ್ತಿಶಿಲ್ಪವನ್ನು ಸೊಗಸಾಗಿ ವಿವರಿಸುವವರೆಲ್ಲರೂ ಗುಡ್ಡದ ಹಿಂದಿನ ಕಾಲುದಾರಿಗಳಲ್ಲಿ ಓಡಾಡಿದವರಾಗಿರುವುದಿಲ್ಲ. ಗುಡ್ಡದ ಸುತ್ತಲಿನ ಊರುಗಳವರೊಬ್ಬರು ಜೊತೆಗಿದ್ದರೆ ಯಾವ ಕೊಳ್ಳದಲ್ಲಿ ನೀರಿದೆ, ಯಾವ ಬಂಡೆಗೆ ಹೆಜ್ಜೇನು ಕಟ್ಟಿದೆ ಎಂಬ ಆ ವಾರದ ಸುದ್ದಿಯೂ ಸಿಗುತ್ತದೆ. ಪ್ರವಾಸದ ಹಣದಲ್ಲಿ ಪ್ರವೇಶದ ಟಿಕೆಟ್, ಮಾರ್ಗದರ್ಶಿಯ ಸಂಭಾವನೆ ಮತ್ತು ಊಟ ಸೇರಿವೆಯೇ ಎಂಬುದನ್ನು ಮುಂಗಡ ಕೊಡುವ ಮೊದಲೇ ಬರಹದಲ್ಲಿ ಪಡೆದುಕೊಳ್ಳಿ.

ನವೆಂಬರಿನಿಂದ ಫೆಬ್ರವರಿಯವರೆಗಿನ ತಿಂಗಳುಗಳು ನಡೆಯಲು ಹಿತವಾದವು. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಕಲ್ಲು ಕಾದು ಕೆಂಡವಾಗುವುದರಿಂದ ಮಕ್ಕಳನ್ನೂ ಹಿರಿಯರನ್ನೂ ಕರೆದುಕೊಂಡು ಹೋಗಬಾರದು. ಮಳೆಗಾಲದಲ್ಲಿ ಒಳ್ಳೆಯ ಮಳೆಯಾದ ಮರುದಿನ ಅಕ್ಕ-ತಂಗಿ ಜಲಪಾತಗಳು ಬಂಡೆಯ ಮೇಲಿನಿಂದ ಧುಮುಕುವುದನ್ನು ಕಾಣಬಹುದು, ಆದರೆ ಅದೇ ಮಳೆ ಮರಳುಗಲ್ಲಿನ ಮೇಲೆ ಪಾಚಿಯನ್ನು ಬೆಳೆಸಿ ಮೆಟ್ಟಿಲುಗಳನ್ನು ಜಾರುವಂತೆ ಮಾಡಿರುತ್ತದೆ. ಪುಷ್ಯ ಮಾಸದ ಬನದ ಹುಣ್ಣಿಮೆಗೆ ಬನಶಂಕರಿಯ ಜಾತ್ರೆ ನೆರೆಯುತ್ತದೆ. ಜಾತ್ರೆಯನ್ನು ನೋಡುವ ಆಸೆಯಿದ್ದರೆ ಅದಕ್ಕೆಂದೇ ಬನ್ನಿ, ಬಂಡೆಗಳ ದಿನವನ್ನು ಅದರೊಂದಿಗೆ ಬೆರೆಸಬೇಡಿ. ಪುರಾತತ್ತ್ವ ಇಲಾಖೆಯ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆಯಿರುವುದರಿಂದ ಶುಕ್ರವಾರವನ್ನು ಬಿಟ್ಟು ದಿನ ಗೊತ್ತುಮಾಡುವುದು ಒಳ್ಳೆಯದು.

ವಿಜಯಪುರದಿಂದ ಹೊರಡುವ ತಂಡಗಳಿಗೆ ಒಂದು ವಿಶೇಷ ಅನುಕೂಲವಿದೆ. ಗೋಳಗುಮ್ಮಟವನ್ನು ಕಟ್ಟಿದ್ದು ದಖ್ಖನಿನ ಕರಿಕಲ್ಲಿನಿಂದ. ಅದು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾರಸ ಹೆಪ್ಪುಗಟ್ಟಿದ ಕಲ್ಲು. ಆ ಕರಿಕಲ್ಲಿನ ಬಯಲನ್ನು ಬಿಟ್ಟು, ಕೊಲ್ಹಾರದ ಬಳಿ ಕೃಷ್ಣೆಯ ಹಿನ್ನೀರನ್ನು ದಾಟಿ, ಬಾಗಲಕೋಟೆಯನ್ನು ಹಾದು ಬಾದಾಮಿಗೆ ಬರುವ ಸುಮಾರು 120 ಕಿಲೋಮೀಟರುಗಳ ಹಾದಿಯಲ್ಲಿ ಕಿಟಕಿಯ ಹೊರಗೆ ಕಣ್ಣಿಟ್ಟರೆ ಕಲ್ಲಿನ ಸಂಸಾರವೇ ಬದಲಾಗುವುದು ಕಾಣುತ್ತದೆ. ಬಾಗಲಕೋಟೆಯ ಸುತ್ತಮುತ್ತ ಕಾಣುವ ಬೆಣಚುಗಲ್ಲಿನ ದಿಣ್ಣೆಗಳ ಪದರಗಳು ಓರೆಯಾಗಿ, ಕೆಲವೆಡೆ ಮಡಿಕೆಬಿದ್ದು ನಿಂತಿವೆ. ಬಾದಾಮಿಯನ್ನು ಸಮೀಪಿಸುತ್ತಿದ್ದಂತೆ ಪದರಗಳು ಹಾಸಿಟ್ಟ ಜಮಖಾನೆಗಳಂತೆ ಮಟ್ಟಸವಾಗುತ್ತವೆ. ಓರೆಯಾದವು ಹೆಚ್ಚು ಹಳೆಯವು, ಮಟ್ಟಸವಾದವು ಅವುಗಳ ನಂತರ ಕೂತವು. ಬ್ರಿಟಿಷರ ಕಾಲದಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಈ ಸೀಮೆಯ ಶಿಲೆಗಳನ್ನು ಅಳೆದು 1876ರಲ್ಲಿ ವರದಿ ಪ್ರಕಟಿಸಿದರು. ಈ ಶಿಲಾಸಮೂಹಕ್ಕೆ ನಮ್ಮ ಕಲಾದಗಿಯ ಹೆಸರೇ ನಿಂತಿದೆ. ಬೆಳಗಾವಿಯ ಕಡೆಯಿಂದ ಬರುವವರಿಗೆ ಹಾದಿ ಇನ್ನೂ ಉದ್ದವಾದ್ದರಿಂದ ಹಿಂದಿನ ರಾತ್ರಿಯೇ ಬಾದಾಮಿಯಲ್ಲಿ ಉಳಿಯುವುದು ಮೇಲು. ಅಷ್ಟು ದೂರ ಹೋಗಲಾರದವರು, ಘಟಪ್ರಭೆಯು 52 ಮೀಟರ್ ಕೆಳಕ್ಕೆ ಧುಮುಕುವ ಗೋಕಾಕದ ಬಂಡೆಯನ್ನೇ ಒಂದು ದಿನದ ಗುರಿಯಾಗಿಸಿಕೊಳ್ಳಬಹುದು.

ಈಗ ದಿನದ ಕ್ರಮಕ್ಕೆ ಬರೋಣ. ಬೆಳಗಿನ ತಂಪನ್ನು ಶಿಡ್ಲಪಡಿಗೆ ಮೀಸಲಿಡಬೇಕು. ಪಡಿ ಎಂದರೆ ಈ ಭಾಗದ ಮಾತಿನಲ್ಲಿ ಬಂಡೆಯ ಆಸರೆ. ಐಹೊಳೆಯ ರಾವಣಪಡಿಯಲ್ಲಿ ಇರುವುದೂ ಇದೇ ಪದ. ಊರಿನಿಂದ ಕುರುಚಲು ಕಾಡಿನ ನಡುವೆ ನಾಲ್ಕೈದು ಕಿಲೋಮೀಟರು ನಡೆದರೆ, ಗುಡ್ಡದ ಮೈಯೇ ಕೊರೆದು ಕಮಾನಾದಂತಹ ದೊಡ್ಡ ನೈಸರ್ಗಿಕ ಆಸರೆಯೊಂದು ಎದುರಾಗುತ್ತದೆ. ಸಿಡಿಲು ಬಡಿದು ಬಂಡೆ ತೂತಾಯಿತೆಂದು ಜನ ಹೇಳುತ್ತಾರೆ, ಹೆಸರು ಬಂದದ್ದೂ ಹಾಗೆ. ಅದರ ಗೋಡೆಗಳ ಮೇಲೆ ಇತಿಹಾಸಪೂರ್ವ ಕಾಲದ ಮನುಷ್ಯರು ಕೆಂಪು ಬಣ್ಣದಲ್ಲಿ ಬರೆದ ಚಿತ್ರಗಳಿವೆ. ಚಿತ್ರಗಳು ಮಾಸಿವೆಯೆಂದು ಅವುಗಳ ಮೇಲೆ ನೀರು ಚಿಮುಕಿಸಿ ಫೋಟೋ ತೆಗೆಯುವವರನ್ನು ನಾನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ, ನಿಮ್ಮ ತಂಡದವರಿಗೂ ಬಿಡಬೇಡಿ. ಆ ನೀರು ಬಣ್ಣದ ಕಣಗಳನ್ನೂ ಕಲ್ಲಿನ ಉಪ್ಪನ್ನೂ ಎಬ್ಬಿಸಿ ಚಿತ್ರವನ್ನು ಇನ್ನಷ್ಟು ಬೇಗ ಅಳಿಸುತ್ತದೆ. ಕಣ್ಣು ನೆರಳಿಗೆ ಹೊಂದಿಕೊಳ್ಳುವವರೆಗೆ ಐದು ನಿಮಿಷ ಸುಮ್ಮನೆ ನಿಂತರೆ ರೇಖೆಗಳು ತಾವಾಗಿಯೇ ಕಾಣತೊಡಗುತ್ತವೆ. ಈ ನಡಿಗೆಗೆ ಬೆಳಿಗ್ಗೆ ಆರೂವರೆಗೆ ಹೊರಟು ಹತ್ತೂವರೆಯ ಒಳಗೆ ಮರಳುವಂತೆ ಲೆಕ್ಕ ಹಾಕಿಕೊಳ್ಳಿ. ದಾರಿಯಲ್ಲಿ ನೀರಿನ ಅಂಗಡಿಯಾಗಲಿ ನೆರಳಾಗಲಿ ಇಲ್ಲದ ಕಾರಣ ತಲೆಗೆ ಎರಡು ಲೀಟರಿನಂತೆ ನೀರು ಬೇಕೇ ಬೇಕು. ಚಪ್ಪಲಿ ಸಲ್ಲದು, ಹಿಡಿತವಿರುವ ರಬ್ಬರ್ ಅಟ್ಟೆಯ ಬೂಟು ಇರಲಿ.

ನಡೆಯಲಾಗದವರು ತಂಡದಲ್ಲಿದ್ದರೆ ಅವರನ್ನು ವಾಹನದಲ್ಲಿ ಕೂಡಿಸಿ ಕಾಯಿಸಬಾರದು. ಕೆರೆಯ ಪಕ್ಕದ ವಸ್ತುಸಂಗ್ರಹಾಲಯದಲ್ಲಿ ಶಿಡ್ಲಪಡಿಯ ಪ್ರತಿರೂಪವನ್ನೇ ಮಾಡಿ ಇಟ್ಟಿದ್ದಾರೆ. ಬಾಗಿಲು ತೆರೆಯುವವರೆಗೆ ಅವರು ಅಗಸ್ತ್ಯತೀರ್ಥದ ಮೆಟ್ಟಿಲುಗಳ ಮೇಲೆ ಕುಳಿತು, ನಂತರ ಅದನ್ನು ನಿಧಾನವಾಗಿ ನೋಡಲಿ. ಉಳಿದವರು ನಡಿಗೆಯಿಂದ ಮರಳಿ ಅಲ್ಲಿಯೇ ಅವರನ್ನು ಕೂಡಿಕೊಳ್ಳಬಹುದು.

ಸಂಗ್ರಹಾಲಯದ ಮಗ್ಗುಲಲ್ಲೇ ಉತ್ತರ ಕೋಟೆಗೆ ಏರುವ ದಾರಿ ಇದೆ. ಬಾದಾಮಿಯ ಬಂಡೆಗಳನ್ನು ಅರಿಯಲು ಇದಕ್ಕಿಂತ ಒಳ್ಳೆಯ ಪಾಠಶಾಲೆ ನನಗೆ ಗೊತ್ತಿಲ್ಲ. ಎರಡೂ ಕಡೆ ಆಕಾಶಕ್ಕೆ ಎದ್ದ ಕೆಂಪು ಗೋಡೆಗಳು, ನಡುವೆ ಕೆಲವೇ ಅಡಿ ಅಗಲದ ಓಣಿ. ಇದನ್ನು ಯಾರೂ ಕಡಿದದ್ದಲ್ಲ. ಬಂಡೆಯಲ್ಲಿ ಮೊದಲೇ ನೆಟ್ಟಗೆ ಬಿರುಕುಗಳಿದ್ದವು, ಮಳೆನೀರು ಯುಗಯುಗಗಳ ಕಾಲ ಆ ಬಿರುಕುಗಳಲ್ಲೇ ಇಳಿದು ಅವುಗಳನ್ನು ಓಣಿಗಳನ್ನಾಗಿ ಅಗಲಿಸಿತು. ಓಣಿಯ ಒಳಗೆ ನಿಂತು ಗೋಡೆಗೆ ಮುಖವನ್ನು ಹತ್ತಿರ ತನ್ನಿ. ಅಡ್ಡಗೆರೆಗಳ ನಡುವೆ ಓರೆಯಾಗಿ ಬಾಗಿದ ಸಣ್ಣ ಗೆರೆಗಳ ಕಂತೆಗಳು ಕಾಣುತ್ತವೆ. ಹಳೆಯ ನದಿಗಳು ಮರಳನ್ನು ತಂದು ಸುರಿಯುತ್ತಿದ್ದಾಗ ಮರಳ ದಿಬ್ಬಗಳ ಇಳಿಜಾರು ಹಾಗೆಯೇ ಕಲ್ಲಾಗಿ ಉಳಿದ ಗುರುತು ಅದು. ಗೆರೆಗಳು ಯಾವ ಕಡೆಗೆ ಇಳಿಯುತ್ತವೆಯೋ ಆ ಕಡೆಗೆ ಅಂದು ನೀರು ಹರಿಯುತ್ತಿತ್ತು. ನಡುನಡುವೆ ಉರುಟು ಹರಳುಗಳ ಸಾಲು ಸಿಕ್ಕರೆ ಅಲ್ಲಿ ಪ್ರವಾಹ ಜೋರಾಗಿತ್ತೆಂದು ತಿಳಿಯಬೇಕು. ಕೆಂಪು ಬಣ್ಣ ಕಬ್ಬಿಣದ ತುಕ್ಕಿನದು. ಇಲ್ಲಿ ಶಂಖ, ಚಿಪ್ಪು, ಎಲುಬುಗಳ ಅಚ್ಚನ್ನು ಹುಡುಕಿ ಪ್ರಯೋಜನವಿಲ್ಲ, ಏಕೆಂದರೆ ಈ ಮರಳು ಕೂತದ್ದು ಚಿಪ್ಪುಳ್ಳ ಜೀವಿಗಳು ಭೂಮಿಗೆ ಬರುವುದಕ್ಕಿಂತ ಮೊದಲು, ಅಂದರೆ ಐವತ್ತು ಕೋಟಿ ವರ್ಷಗಳಿಗಿಂತಲೂ ಹಿಂದೆ. ಇಷ್ಟನ್ನು ಮಾರ್ಗದರ್ಶಿ ಹೇಳದಿದ್ದರೆ ನೀವೇ ಕೇಳಿ. ಕೇಳುವವರಿದ್ದಾರೆಂದು ತಿಳಿದರೆ ಅವರೂ ಉತ್ಸಾಹದಿಂದ ತೋರಿಸುತ್ತಾರೆ.

ಒಂದನೆಯ ಪುಲಕೇಶಿ ಕೋಟೆಗೆ ಈ ಗುಡ್ಡವನ್ನು ಆರಿಸಿದ್ದು ಸುಮ್ಮನೆ ಅಲ್ಲ. ಶಕವರ್ಷ 465ರ, ಎಂದರೆ ಕ್ರಿ.ಶ. 543ರ ಅವನ ಶಾಸನ ಇಲ್ಲಿನ ಬಂಡೆಯ ಮೇಲೆಯೇ ಇದೆ. ಕಡಿದಾದ ಗೋಡೆಗಳನ್ನು ಪ್ರಕೃತಿಯೇ ಕಟ್ಟಿಕೊಟ್ಟಿದ್ದಾಗ ಸಂದುಗಳನ್ನು ಮುಚ್ಚಿದರೆ ಕೋಟೆ ಆಗುತ್ತಿತ್ತು. ಮೇಲಿನ ಶಿವಾಲಯದವರೆಗೆ ಏರಿ, ಅಂಚಿಗೆ ಹೋಗದೆ ನಿಂತು, ಕೆರೆಯ ಆಚೆಗಿನ ದಕ್ಷಿಣದ ಗುಡ್ಡವನ್ನು ನೋಡಿ. ಈ ಕಡೆಯ ಪದರಗಳಿಗೆ ಆ ಕಡೆಯ ಪದರಗಳು ಎತ್ತರದಲ್ಲಿ ಸರಿಹೊಂದುವುದನ್ನು ಕಂಡಾಗ, ಎರಡೂ ಒಂದೇ ಗುಡ್ಡವಾಗಿದ್ದವೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಅಂಚಿನ ವಿಷಯದಲ್ಲಿ ಮಾತ್ರ ಸಲುಗೆ ಬೇಡ. ಮರಳುಗಲ್ಲು ಗಟ್ಟಿಯಾಗಿ ಕಂಡರೂ ಚಾಚಿಕೊಂಡ ತುದಿಗಳು ಪುಡಿಯಾಗಿ ಉದುರುತ್ತವೆ.

ಮಧ್ಯಾಹ್ನದ ಊಟಕ್ಕೆ ಐದು ಕಿಲೋಮೀಟರು ದೂರದ ಬನಶಂಕರಿಗೆ ಹೋಗುವುದು ವಾಡಿಕೆ. ಅಲ್ಲಿ ಬುಟ್ಟಿ ಹೊತ್ತು ಬರುವ ತಾಯಂದಿರು ಕೊಡುವ ಜೋಳದ ರೊಟ್ಟಿ, ಪಲ್ಯ, ಶೇಂಗಾ ಚಟ್ನಿ, ಕೆಂಪು ಖಾರ, ಗಟ್ಟಿ ಮೊಸರಿನ ಊಟ ಹೊಟ್ಟೆಗೂ ಹಗುರ, ಸಮಯವನ್ನೂ ತಿನ್ನುವುದಿಲ್ಲ. ಬುತ್ತಿ ಕಟ್ಟಿಕೊಂಡು ಹೋದವರು ಅದನ್ನು ಗುಹೆಗಳ ಬಳಿ ಬಿಚ್ಚದಿರಲಿ: ಬಾದಾಮಿಯ ಮಂಗಗಳು ಚೀಲದ ಸದ್ದಿಗೇ ಬರುತ್ತವೆ, ಕೈಯಲ್ಲಿನ ಕವರನ್ನು ಕಸಿಯುತ್ತವೆ. ಹೆಜ್ಜೇನಿನ ಬಗೆಗೂ ಇಷ್ಟೇ ಎಚ್ಚರ ಬೇಕು. ಗೂಡು ಕಂಡ ಕಡೆ ಹೊಗೆ, ಕೂಗಾಟ, ಘಾಟಾದ ಅತ್ತರು, ಇವು ಯಾವುವೂ ಇರಬಾರದು.

ಊಟದ ನಂತರ ಗುಹೆಗಳು. ಬಿಸಿಲಿನ ಹೊತ್ತಿಗೆ ಅವುಗಳ ನೆರಳೇ ಆಶ್ರಯ. ನಾಲ್ಕು ಗುಹೆಗಳನ್ನು ಎಲ್ಲರೂ ನೋಡುತ್ತಾರೆ; ಹದಿನೆಂಟು ತೋಳುಗಳ ನಟರಾಜನನ್ನು ಕಾಣದೆ ಯಾರೂ ಮರಳುವುದಿಲ್ಲ. ನೀವು ಹೆಚ್ಚಾಗಿ ನೋಡಬೇಕಾದದ್ದು ಎರಡನೆಯ ಮತ್ತು ಮೂರನೆಯ ಗುಹೆಗಳ ನಡುವಿನ ನೈಸರ್ಗಿಕ ಗುಹೆಯನ್ನು. ಮೆದು ಪದರ ಮೊದಲು ಉದುರಿ ಮೇಲಿನ ಗಟ್ಟಿ ಪದರ ಚಾವಣಿಯಂತೆ ಉಳಿಯುವ ಬಗೆ ಅಲ್ಲಿ ಸ್ಪಷ್ಟವಾಗಿದೆ. ಶಿಲ್ಪಿಗಳು ಇದನ್ನು ದಿನವೂ ಕಂಡವರು. ಎಲ್ಲಿ ಪದರ ದಪ್ಪವಾಗಿದೆ, ಎಲ್ಲಿ ಬಿರುಕಿಲ್ಲ ಎಂಬುದನ್ನು ತಿಳಿದೇ ಉಳಿ ಹಿಡಿದರು ಎಂದು ನನಗನಿಸುತ್ತದೆ. ಮಂಗಲೇಶನ ಕ್ರಿ.ಶ. 578ರ ಶಾಸನವಿರುವ ಮೂರನೆಯ ಗುಹೆಯಲ್ಲಿ ಕಂಬಗಳ ಮೇಲೂ ಮೂರ್ತಿಗಳ ಮೈಮೇಲೂ ನದಿಯ ಮರಳಿನ ಗೆರೆಗಳು ಹಾಗೆಯೇ ಹಾದುಹೋಗಿವೆ. ಈ ಗೋಡೆಗಳ ಮೇಲೆ ಹೆಸರು ಗೀಚುವುದು 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯ ಪ್ರಕಾರ ಅಪರಾಧ. 2010ರ ತಿದ್ದುಪಡಿಯ ನಂತರ ಅದಕ್ಕೆ ಎರಡು ವರ್ಷಗಳವರೆಗೆ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿಗಳವರೆಗೆ ದಂಡ, ಇಲ್ಲವೆ ಎರಡನ್ನೂ ವಿಧಿಸಬಹುದು. ಮಕ್ಕಳಿರುವ ತಂಡಗಳಿಗೆ ಇದನ್ನು ವಾಹನದಲ್ಲೇ ತಿಳಿಹೇಳಬೇಕು.

ನಾಲ್ಕೂವರೆಗೆಲ್ಲ ಗುಹೆಗಳಿಂದ ಇಳಿದು ಕೆರೆಯ ದಂಡೆ ಹಿಡಿದು ಪೂರ್ವ ತುದಿಯ ಭೂತನಾಥ ದೇವಾಲಯದ ಕಡೆಗೆ ನಡೆಯಿರಿ. ಇಡೀ ದಿನದ ಲೆಕ್ಕಾಚಾರವೆಲ್ಲ ಈ ಒಂದು ಗಂಟೆಗಾಗಿ. ಎರಡು ಗುಡ್ಡಗಳ ನಡುವಿನ ಕಣಿವೆ ಪಶ್ಚಿಮಕ್ಕೆ ತೆರೆದುಕೊಂಡಿರುವುದರಿಂದ ಇಳಿಬಿಸಿಲು ನೇರವಾಗಿ ಒಳಗೆ ಬಂದು ಬಂಡೆಯ ಮೈಗೆ ತಾಗುತ್ತದೆ. ಹಗಲಲ್ಲಿ ಚಪ್ಪಟೆಯಾಗಿ ಕಂಡ ಗೋಡೆಯಲ್ಲಿ ಈಗ ಒಂದೊಂದು ಪದರವೂ ತನ್ನ ನೆರಳನ್ನು ಹೊತ್ತು ಮುಂದಕ್ಕೆ ಬರುತ್ತದೆ, ಬಣ್ಣ ಇಟ್ಟಿಗೆಯದರಿಂದ ಕೆಂಡದ್ದಕ್ಕೆ ತಿರುಗುತ್ತದೆ. ಪಟ್ಟದಕಲ್ಲನ್ನು ಇದೇ ದಿನ ಸೇರಿಸಿಬಿಡೋಣವೆಂದು ಯಾರಾದರೂ ಒತ್ತಾಯಿಸಿದರೆ ಒಪ್ಪಬೇಡಿ. ಇಲ್ಲಿಂದ ಅದು 22 ಕಿಲೋಮೀಟರು, ಹೋದರೆ ಈ ಬೆಳಕು ತಪ್ಪುತ್ತದೆ. 1987ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿರುವ ಆ ಸ್ಥಳಕ್ಕೆ ಐಹೊಳೆಯೊಂದಿಗೆ ಬೇರೊಂದು ದಿನವನ್ನೇ ಕೊಡುವುದು ನ್ಯಾಯ.

ಚಾಲಕರಿಗೆ ಹೊರಡುವ ಸಮಯವನ್ನು ಸೂರ್ಯ ಮುಳುಗಿದ ಅರ್ಧ ಗಂಟೆಯ ನಂತರಕ್ಕೆ ಹೇಳಿಡಿ. ರೈಲಿಗೆ ಹೋಗುವವರಿದ್ದರೆ ನಿಲ್ದಾಣ ಊರಿನಿಂದ ಸುಮಾರು ಐದು ಕಿಲೋಮೀಟರು ಆಚೆ ಇದೆ ಎಂಬುದು ನೆನಪಿರಲಿ. ಕಾವಲುಗಾರರು ಬಂದು ಹೊರಡಿರೆನ್ನುವವರೆಗೆ ತಂಡವೆಲ್ಲ ಮಾತಿಲ್ಲದೆ ದೇವಾಲಯದ ಮೆಟ್ಟಿಲುಗಳ ಮೇಲೆ ಕುಳಿತಿರಲಿ, ಮರಳುವಾಗ ಮುಂದೊಬ್ಬರು ಹಿಂದೊಬ್ಬರು ಬ್ಯಾಟರಿ ಹಿಡಿದು ನಡೆಯಲಿ. ಕೆರೆಯ ದಂಡೆಯ ಕಲ್ಲುಗಳು ಆ ಹೊತ್ತಿಗೂ ಬೆಚ್ಚಗಿರುತ್ತವೆ.