ಮುಚ್ಚಳ ತೆಗೆಯಬೇಡಿ, ತೂಕ ನೋಡಿ
ಮನೆಯಲ್ಲಿ ಒಂದೆರಡು ಲೀಟರ್ ಶುಂಠಿ ಬಿಯರ್ ಹಾಕಿದವರು ಹುದುಗುವುದು ಎಲ್ಲಿಗೆ ಬಂತು ಅಂತ ದಿನಾ ಮುಚ್ಚಳ ತೆಗೆಯಬೇಡಿ, ಏರ್‌ಲಾಕ್ (ಒಳಗಿನ ಗ್ಯಾಸ್ ಹೊರಬಿಟ್ಟು ಹೊರಗಿನ ಗಾಳಿ ಒಳಬಿಡದ ಸಾಧನ) ಸಮೇತ ಇಡೀ ಜಾರನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿ ಮೇಲಿಟ್ಟು ತೂಕ ಬರೆದಿಡಿ. ಈಸ್ಟ್ ತಿಂದ ಸಕ್ಕರೆಯಲ್ಲಿ ಹೆಚ್ಚುಕಡಿಮೆ ಅರ್ಧ ತೂಕ ಕಾರ್ಬನ್ ಡೈಆಕ್ಸೈಡ್ ಆಗಿ ಹಾರಿಹೋಗುತ್ತದೆ; 200 ಗ್ರಾಂ ಹಾಕಿದ್ದರೆ ಕೊನೆಗೆ ಸುಮಾರು 100 ಗ್ರಾಂ ಇಳಿದಿರಬೇಕು. ಸಕ್ಕರೆ ಎಷ್ಟು ಉಳಿದಿದೆ ಎಂದು ಅಂದಾಜಿಸುವ ಹೈಡ್ರೋಮೀಟರ್‌ಗೆ ಅಂತ ಪ್ರತಿ ಸಲ ಒಂದು ಲೋಟ ತೆಗೆದರೆ ಕುಡಿಯೋಕೆ ಏನು ಉಳಿಯುತ್ತದೆ, ಅಲ್ವಾ? ನೊರೆ ಉಕ್ಕಿ ಚೆಲ್ಲಿದರೆ ಲೆಕ್ಕ ತಪ್ಪುತ್ತದೆ. ಇನ್ನೊಂದು, ಧಾರವಾಡದ ಡಿಸೆಂಬರ್ ಚಳಿಗೆ ಈಸ್ಟ್ ಸುಮ್ನೆ ಮಲಗಿಬಿಟ್ಟರೂ ತೂಕ ಇಳಿಯುವುದು ನಿಲ್ಲುತ್ತದೆ. 40 ಗ್ರಾಂ ಮಾತ್ರ ಇಳಿದು ನಿಂತರೆ, ಹುದುಗಿದ್ದಾಯ್ತು ಅಂತ ಬಾಟಲಿಗೆ ತುಂಬಬೇಡಿ, ಆಮೇಲೆ ಸಿಡಿಯಬಹುದು. ಬೆಚ್ಚಗಿರುವ ಕಡೆ ಎರಡು ದಿನ ಇಟ್ಟು ಮತ್ತೆ ತೂಗಿ.