ಡೆಡ್‌ಸ್ಟಿಕ್ ರಾಡ್: ತುದಿ ಮೆತ್ತಗಿರಲಿ, ಬುಡ ಗಟ್ಟಿಯಿರಲಿ

ಹೆಪ್ಪುಗಟ್ಟಿದ ಕೆರೆಯ ಮೇಲೆ ಗಾಳ ಹಾಕುವಾಗ ನಾನು ಅಕ್ಕಪಕ್ಕ ಎರಡು ತೂತು ಕೊರೆಯುತ್ತೇನೆ. ಒಂದರಲ್ಲಿ ಕೈಯಲ್ಲಿ ಹಿಡಿದ ರಾಡಿನಿಂದ ಜಿಗ್ (ತೂಕವಿರುವ ಕೃತಕ ಎರೆ) ಕುಣಿಸುತ್ತಾ ಜಿಗ್ಗಿಂಗ್. ಇನ್ನೊಂದರಲ್ಲಿ ಜೀವಂತ ಎರೆಮೀನು (ಎರೆಯಾಗಿ ಬಳಸುವ ಪುಟ್ಟ ಮೀನು) ಇಳಿಬಿಟ್ಟು, ರಾಡನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಸುಮ್ನೆ ಬಿಡುತ್ತೇನೆ. ಇದೇ ಡೆಡ್‌ಸ್ಟಿಕ್. ಒಬ್ಬರು ಎಷ್ಟು ಗಾಳ ಹಾಕಬಹುದು ಅನ್ನೋ ನಿಯಮ ಜಾಗದಿಂದ ಜಾಗಕ್ಕೆ ಬೇರೆ, ಮೊದಲೇ ವಿಚಾರಿಸಿಕೊಳ್ಳಿ.

ಕುಣಿಯುವ ಜಿಗ್ ದೂರದ ಮೀನನ್ನು ಕರೆದು ತರುತ್ತದೆ. ಆದರೆ ಹತ್ತಿರ ಬಂದ ವಾಲೈ (walleye, ಉತ್ತರ ಅಮೆರಿಕದ ಬೇಟೆಗಾರ ಮೀನು) ಎಷ್ಟೋ ಸಲ ಜಿಗ್ಗಿಗೆ ಬಾಯಿ ಹಾಕೋದೇ ಇಲ್ಲ. ಪಕ್ಕದಲ್ಲಿ ನಿಂತಲ್ಲೇ ಒದ್ದಾಡುತ್ತಿರುವ ಎರೆಮೀನನ್ನು ನುಂಗುತ್ತದೆ.

ಜಿಗ್ಗಿಂಗ್ ರಾಡನ್ನೇ ಸ್ಟ್ಯಾಂಡಿಗೆ ಇಟ್ಟರೆ ಆಗಲ್ವಾ ಅಂತ ಕೇಳುವವರಿದ್ದಾರೆ. ಅದರ ತುದಿ ಬಿರುಸು. ಮೀನು ಎರೆಯನ್ನು ಬಾಯಿಗೆ ತೆಗೆದುಕೊಂಡ ಕೂಡಲೇ ಎಳೆತ ಗೊತ್ತಾಗಿ ಉಗುಳಿಬಿಡುತ್ತದೆ. ಹಾಗಂತ ಇಡೀ ರಾಡ್ ಮೆತ್ತಗಿದ್ದರೂ ಕಷ್ಟ, ವಾಲೈನ ಗಟ್ಟಿ ಬಾಯಿಗೆ ಕೊಕ್ಕೆ ನಾಟುವುದಿಲ್ಲ. ನಾನು ಕೊಳ್ಳುವ ಮುಂಚೆ ರಾಡಿನ ತುದಿಗೆ ಸಣ್ಣ ಸೀಸದ ಗುಂಡು ಕಟ್ಟಿ ನೋಡುತ್ತೇನೆ. ಅಷ್ಟಕ್ಕೇ ತುದಿ ಬಲಿತ ತೆನೆಯ ಹಾಗೆ ಸ್ವಲ್ಪ ಬಾಗಬೇಕು. ಆಮೇಲೆ ಕೈಯಿಂದ ಜೋರಾಗಿ ಎಳೆದರೆ ಬುಡದ ಅರ್ಧ ಜಗ್ಗದೆ ನಿಲ್ಲಬೇಕು. ಗ್ರಾಫೈಟ್ ರಾಡಿಗಿಂತ, ಒಳಗೆ ಟೊಳ್ಳಿಲ್ಲದ ಫೈಬರ್‌ಗ್ಲಾಸ್ ರಾಡಿನಲ್ಲಿ ಈ ಗುಣ ಸುಲಭವಾಗಿ ಸಿಗುತ್ತದೆ, ಚಳಿಯಲ್ಲಿ ಪೆಟ್ಟನ್ನೂ ತಡೆಯುತ್ತದೆ.

ಉದ್ದದ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಡೇರೆಯೊಳಗೆ 28 ಇಂಚು, ಬಯಲಲ್ಲಿ 36 ಇಂಚು ಸಾಕು. ತುದಿಗೆ ಕಣ್ಣು ಕುಕ್ಕುವ ಬಣ್ಣ ಇದ್ದರೆ ಒಳ್ಳೆಯದು. ದಾರ ಹಾಯುವ ರಿಂಗುಗಳು ದೊಡ್ಡದಿರಲಿ, ಚಿಕ್ಕ ರಿಂಗು ಬೇಗ ಮಂಜು ಕಟ್ಟಿಕೊಳ್ಳುತ್ತದೆ.

ದಾರ 6 ಪೌಂಡ್ ಎಳೆತ ತಡೆಯುವ ಮಾನೋ, ಅಂದರೆ ಒಂದೇ ಎಳೆಯ ನೈಲಾನ್ ದಾರ. ಹೆಣೆದ ದಾರ ನೀರು ಹೀರಿ ಬಯಲಲ್ಲಿ ತಂತಿಯಾಗಿಬಿಡುತ್ತದೆ. ಕೊಕ್ಕೆ 6ನೇ ನಂಬರಿನ ಒಂಟಿ ಕೊಕ್ಕೆ, ಅದರಿಂದ ಒಂದಡಿ ಮೇಲೆ ಸೀಸದ ಗುಂಡು. ಎರೆಮೀನಿನ ಬೆನ್ನಿನ ರೆಕ್ಕೆಯ ಕೆಳಗೆ ತೆಳುವಾಗಿ ಚುಚ್ಚಬೇಕು, ಮೂಳೆಗೆ ತಾಗಿದರೆ ಸತ್ತೇ ಹೋಗುತ್ತದೆ. ಗುಂಡನ್ನು ತಳ ಮುಟ್ಟಿಸಿ, ಆಮೇಲೆ ಎರೆ ತಳದಿಂದ ಸುಮಾರು ಒಂದಡಿ ಮೇಲೆ ನಿಲ್ಲುವ ಹಾಗೆ ಎತ್ತಿಕೊಳ್ಳುತ್ತೇನೆ. ಎರೆ ಗುಂಡನ್ನೇ ಎಳೆದುಕೊಂಡು ಓಡಾಡುತ್ತಿದ್ದರೆ ಇನ್ನೊಂದು ಗುಂಡು ಸೇರಿಸಿ.

ರೀಲಿನ ಡ್ರ್ಯಾಗ್, ಅಂದರೆ ಮೀನು ಎಳೆದಾಗ ದಾರ ಬಿಚ್ಚಿಕೊಳ್ಳದಂತೆ ತಡೆಯುವ ಬಿಗಿ, ಸಡಿಲ ಇರಲೇಬೇಕು. ಬಿಗಿಯಾಗಿದ್ದರೆ ದೊಡ್ಡ ಮೀನು ರಾಡನ್ನೇ ತೂತಿನೊಳಗೆ ಎಳೆದುಕೊಂಡು ಹೋಗುತ್ತದೆ. ಎರಡು ಬೆರಳಲ್ಲಿ ದಾರ ಎಳೆದರೆ ಸಲೀಸಾಗಿ ಬಿಚ್ಚಿಕೊಳ್ಳಬೇಕು.

ಎರಡು ತೂತಿನ ನಡುವೆ ಐದಾರು ಅಡಿ ಇಡುತ್ತೇನೆ, ಕೂತಲ್ಲಿಂದ ಒಂದು ಹೆಜ್ಜೆಗೆ ಕೈಗೆ ಸಿಗುವಷ್ಟು. ರಾಡಿನ ತುದಿ ತೂತಿನ ನಟ್ಟನಡುವೆ ಬರಬೇಕು. ದಾರ ಅಂಚಿಗೆ ತಾಗಿದರೆ ಅಲ್ಲೇ ಅಂಟಿಕೊಂಡು ಹೆಪ್ಪುಗಟ್ಟುತ್ತದೆ. ಗಾಳಿ ಇದ್ದರೆ ತುದಿಯನ್ನು ನೀರಿಗೆ ಇನ್ನೂ ಹತ್ತಿರ ತಗ್ಗಿಸಿ, ಇಲ್ಲದಿದ್ದರೆ ಗಾಳಿಗೆ ಅಲುಗಿದ್ದೋ ಮೀನಿಗೋ ತಿಳಿಯಲ್ಲ.

ಇನ್ನು ನೋಡೋದೆಲ್ಲ ತುದಿಯನ್ನೇ. ಎರೆಮೀನು ಆರಾಮಾಗಿದ್ದಾಗ ತುದಿ ಆಗಾಗ ಸಣ್ಣಗೆ ಮಿಡಿಯುತ್ತದೆ. ಇದ್ದಕ್ಕಿದ್ದಂತೆ ಪಟಪಟ ಕುಣಿಯಲು ಶುರುವಾದರೆ ಕೆಳಗೆ ಯಾರೋ ಬಂದಿದ್ದಾರೆ ಅಂತಲೇ ಅರ್ಥ. ಆಗ ನಾನು ಜಿಗ್ ಕುಣಿಸೋದು ನಿಲ್ಲಿಸಿ ಡೆಡ್‌ಸ್ಟಿಕ್ ಹತ್ತಿರ ಸರಿಯುತ್ತೇನೆ. ಆಮೇಲೆ ಕುಣಿತ ನಿಂತು, ತುದಿ ನಿಧಾನಕ್ಕೆ ಬಾಗುತ್ತಾ ನೀರಿನ ಕಡೆ ಹೋಗುತ್ತದೆ. ಆಗಲೂ ಗಾಬರಿ ಬೇಡ. ಸ್ಟ್ಯಾಂಡಿನಿಂದ ಮೆಲ್ಲಗೆ ಎತ್ತಿ, ತುದಿಯನ್ನು ದಾರದ ಜೊತೆಗೇ ತಗ್ಗಿಸಿ, ಸಡಿಲ ದಾರ ಸುತ್ತಿಕೊಳ್ಳಿ. ಮೀನಿನ ತೂಕ ಕೈಗೆ ಬಂದಮೇಲೆ ಮೇಲಕ್ಕೆ ಒಂದೇ ಸಮನೆ ಎತ್ತಿ. ಡ್ರ್ಯಾಗ್ ಸಡಿಲ ಇರುವುದರಿಂದ ಎತ್ತುವಾಗ ಸ್ಪೂಲನ್ನು (ರೀಲಿನಲ್ಲಿ ದಾರ ಸುತ್ತಿರುವ ಉರುಳೆ) ಬೆರಳಿನಿಂದ ಒತ್ತಿ ಹಿಡಿಯಬೇಕು, ಇಲ್ಲದಿದ್ದರೆ ದಾರ ಜಾರುತ್ತದೆ, ಕೊಕ್ಕೆ ನಾಟಲ್ಲ.

ಮತ್ತೆ ಇಳಿಬಿಡುವ ಮುಂಚೆ ಎರೆ ಚುರುಕಾಗಿದೆಯಾ ನೋಡಿ, ಸೋತಿದ್ದರೆ ಬದಲಿಸಿ. ರಿಂಗಿನ ಮಂಜನ್ನು ಬೆರಳಲ್ಲಿ ಹಿಡಿದು ಕರಗಿಸಿ ತೆಗೆಯಿರಿ. ರಾಡನ್ನು ಬಡಿದರೆ ಮೊದಲು ಮುರಿಯೋದು ಆ ತೆಳು ತುದಿಯೇ.