ಏರ್ ಪಿಸ್ತೂಲು ಹಿಡಿದು ಕಲಿತ ವಿಮರ್ಶೆ

ಪುಸ್ತಕ ವಿಮರ್ಶೆ ನನ್ನ ಹಳೆಯ ಕೆಲಸ. ಹತ್ತು ಮೀಟರ್ ಏರ್ ಪಿಸ್ತೂಲು ಆಮೇಲೆ ಹಿಡಿಸಿದ ಆಟ. ಖಾರವಾದ ವಿಮರ್ಶೆ ಓದಿದವರು ‘ಗುರಿಯಿಟ್ಟು ಹೊಡೆದಿದ್ದಾರೆ’ ಎಂದು ಮೆಚ್ಚುತ್ತಾರೆ. ಅವರ ಮನಸ್ಸಿನಲ್ಲಿರುವುದು ಏಟು, ಗಾಯ. ಶೂಟಿಂಗ್ ರೇಂಜಿನಲ್ಲಿ ಆ ಮಾತೇ ಬರುವುದಿಲ್ಲ. ಎದುರಿಗಿರುವುದು ಒಂದು ಟಾರ್ಗೆಟ್, ಅದರ ಹತ್ತು ಅಂಕದ ವೃತ್ತದ ಅಗಲ 11.5 ಮಿಲಿಮೀಟರ್. ಕಷ್ಟವೆಲ್ಲ ಪಿಸ್ತೂಲು ಹಿಡಿದವರ ಕಡೆಗೇ.

ನಳಿಕೆಯ ತುದಿಯಲ್ಲಿ ಚಿಕ್ಕ ಕಂಬದಂಥ ಫ್ರಂಟ್ ಸೈಟ್, ಕಣ್ಣಿನ ಕಡೆಗೆ ನಡುವೆ ಸೀಳಿರುವ ರಿಯರ್ ಸೈಟ್. ಕಂಬ ಆ ಸೀಳಿನೊಳಗೆ ನಿಂತು ಎರಡರ ತಲೆ ಸಮವಾಗಬೇಕು. ಎಡಬಲದ ಬೆಳಕಿನ ಗೆರೆಗಳೂ ಸಮವಾಗಿರಬೇಕು. ಹೊಸಬರು ಟಾರ್ಗೆಟ್ಟನ್ನೇ ದಿಟ್ಟಿಸುತ್ತಾರೆ. ಆದರೆ ಸ್ಪಷ್ಟವಾಗಿ ಕಾಣಬೇಕಾದದ್ದು ಫ್ರಂಟ್ ಸೈಟ್. ಟಾರ್ಗೆಟ್ ಮಸುಕಾಗಿಯೇ ಇರಲಿ. ಕಾರಣ ಲೆಕ್ಕದಲ್ಲಿದೆ. ತೋಳು ತೂಗಿ ಇಡೀ ಪಿಸ್ತೂಲು ಐದು ಮಿಲಿಮೀಟರ್ ಪಕ್ಕಕ್ಕೆ ಸರಿದರೆ ಪೆಲೆಟ್ಟೂ, ಅಂದರೆ ಅದರ ಪುಟ್ಟ ಗುಂಡೂ, ಅಷ್ಟೇ ಸರಿಯುತ್ತದೆ. ಎರಡು ಸೈಟುಗಳ ಹೊಂದಾಣಿಕೆ ಒಂದೇ ಒಂದು ಮಿಲಿಮೀಟರ್ ತಪ್ಪಿದರೆ, ಹತ್ತು ಮೀಟರ್ ಆಚೆ ಅದು ಸುಮಾರು ಮೂವತ್ತು ಮಿಲಿಮೀಟರ್ ಆಗುತ್ತದೆ. ಹತ್ತು ಅಂಕ ಬರಬೇಕಾದಲ್ಲಿ ಏಳು ಬರುತ್ತದೆ.

ವಿಮರ್ಶೆಗೆ ಕುಳಿತಾಗ ನಾನು ಮೊದಲು ನೋಡಿಕೊಳ್ಳುವುದು ಇದನ್ನೇ. ಒಂದು ಕವಿತೆಯ ಬಗ್ಗೆ ಮನಸ್ಸು ಹೊಯ್ದಾಡಿದರೆ ಅಡ್ಡಿಯಿಲ್ಲ, ಎಷ್ಟೇ ಪಳಗಿದರೂ ತೋಳು ಪೂರ್ತಿ ನಿಲ್ಲುವುದಿಲ್ಲ. ಆದರೆ ಕವಿಯ ಬಳಗ, ಅವರಿಗೆ ಸಂದ ಪ್ರಶಸ್ತಿ, ಹಿಂದೊಮ್ಮೆ ಅವರು ನನ್ನ ಬಗ್ಗೆ ಆಡಿದ ಮಾತು, ಇವುಗಳಿಂದ ನನ್ನ ನೋಟವೇ ಕೂದಲೆಳೆಯಷ್ಟು ಓರೆಯಾಗಿದ್ದರೆ ಬರಹ ಕೃತಿಯಿಂದ ಎಲ್ಲಿಗೋ ಹೋಗಿ ಬೀಳುತ್ತದೆ. ಅಂಥವನ್ನೆಲ್ಲ ಮೊದಲೇ ಒಂದು ಚೀಟಿಯಲ್ಲಿ ಬರೆದು ಎದುರಿಗೆ ಇಟ್ಟುಕೊಳ್ಳುತ್ತೇನೆ.

ಇನ್ನು ಟ್ರಿಗರ್. ಏರ್ ಪಿಸ್ತೂಲಿನ ಟ್ರಿಗರ್ ಕನಿಷ್ಠ 500 ಗ್ರಾಂ ಭಾರ ತಡೆಯಬೇಕೆಂಬ ನಿಯಮವಿದೆ. ಬೆರಳು ಅದನ್ನು ಮೆಲ್ಲಗೆ, ನೇರ ಹಿಂದಕ್ಕೆ ಒತ್ತಬೇಕು. ‘ಈಗ ಸರಿಯಾಗಿದೆ, ಹೊಡೆದುಬಿಡು’ ಎಂದು ಎಳೆದರೆ ಬಲಗೈಯವರ ಪೆಲೆಟ್ ಸಾಮಾನ್ಯವಾಗಿ ಕೆಳಗೆ ಎಡಕ್ಕೆ ಹೋಗುತ್ತದೆ. ಹಿಡಿತ ಕೆಲವು ಸೆಕೆಂಡುಗಳಲ್ಲಿ ಕೂಡಿಬರದಿದ್ದರೆ ಹೊಡೆಯದೆ ತೋಳು ಇಳಿಸಿ, ಉಸಿರು ತೆಗೆದುಕೊಂಡು ಮತ್ತೆ ಎತ್ತಬೇಕು. ನನಗೆ ಈ ಆಟದಲ್ಲಿ ಅತ್ಯಂತ ಇಷ್ಟವಾದದ್ದು ಈ ಇಳಿಸುವಿಕೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಅವರಿಗೆ ಇದೇ ಆಟದ ವೈಯಕ್ತಿಕ ಸ್ಪರ್ಧೆಯಲ್ಲಿ ಕಂಚು ಬಂದಾಗ ಬೆಳ್ಳಿ ತಪ್ಪಿದ್ದು ಬರೀ 0.1 ಅಂಕದಿಂದ. ಅಷ್ಟು ಸಣ್ಣ ಅಂತರಗಳ ಆಟದಲ್ಲಿ ಹೊಡೆಯದೆ ಬಿಟ್ಟ ಗುರಿಗೂ ಬೆಲೆಯಿದೆ.

ಈಚೆಗೆ ಒಂದು ಕವನ ಸಂಕಲನದ ಬಗ್ಗೆ ಬರೆಯುವಾಗ ‘ಕವಿಗೆ ಲಯದ ಪ್ರಜ್ಞೆ ಸಾಲದು’ ಎಂಬ ಸಾಲು ಸುಲಭವಾಗಿ ಕೈಗೆ ಬಂತು. ತೋಳು ಇಳಿಸಿದೆ. ಸಂಕಲನವನ್ನು ಮತ್ತೆ ಗಟ್ಟಿಯಾಗಿ ಓದಿ, ಬೆರಳಲ್ಲಿ ಮಾತ್ರೆ ಎಣಿಸಿದೆ. ಲಯ ಕೆಟ್ಟದ್ದು ಒಂದೇ ಕವಿತೆಯಲ್ಲಿ: ಐದೈದು ಮಾತ್ರೆಯ ನಡೆ ಕೊನೆಯ ಚರಣದಲ್ಲಿ ನಾಲ್ಕಕ್ಕೆ ಇಳಿದಿತ್ತು, ಅರ್ಥ ಮಾತ್ರ ಏರುತ್ತಲೇ ಇತ್ತು. ಅಷ್ಟನ್ನೇ, ಆ ಚರಣವನ್ನು ಎತ್ತಿಕೊಟ್ಟು ಬರೆದೆ.

ಅಚ್ಚಾದ ಮೇಲೆ ಕವಿ ಫೋನ್ ಮಾಡಿದರು. ಅಲ್ಲಿ ಓದುಗರ ಉಸಿರು ತಡವರಿಸಲೆಂದೇ ನಡೆ ಬದಲಿಸಿದ್ದಾಗಿ ಹೇಳಿ, ಚರಣವನ್ನು ಎರಡು ರೀತಿಯಲ್ಲಿ ಓದಿ ಕೇಳಿಸಿದರು. ನಾನು ಒಪ್ಪಲಿಲ್ಲ, ಅವರೂ ಬಿಡಲಿಲ್ಲ. ಕೊನೆಯವರೆಗೂ ನಮ್ಮ ಜಗಳ ಆ ಒಂದು ಚರಣದ ಮೇಲೆಯೇ ನಡೆಯಿತು.